ಬಾಗಿಲ ಬೋರ್ಡಿನಿಂದ ಡ್ರಿಲ್ಲಿಂಗ್ ಮೆಷಿನ್ನಿನವರೆಗೆ



ಶಾಲೆಯಲ್ಲಿ ವರ್ಕ್‌ಶಾಪ್ ಅಂತ ಒಂದು ಕೋಣೆ ಇದ್ದರೆ ಅದರ ಬಾಗಿಲ ಪಕ್ಕ ಒಂದು ಬೋರ್ಡೂ ಸಾಮಾನ್ಯವಾಗಿ ಇರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ಸುರಕ್ಷತಾ ನಿಯಮಗಳು'. ಕೆಳಗೆ ಒಂದರಿಂದ ಹದಿನೈದರವರೆಗೆ ಸಾಲುಗಳು. 'ಯಂತ್ರೋಪಕರಣಗಳನ್ನು ಉಪಯೋಗಿಸುವ ಸಂದರ್ಭದಲ್ಲಿ ಸಡಿಲವಾದ ಉಡುಪುಗಳನ್ನು ಧರಿಸತಕ್ಕದ್ದಲ್ಲ' ಎಂಬ ಧಾಟಿ. ಕೊನೆಯಲ್ಲಿ 'ಆದೇಶದ ಮೇರೆಗೆ'. ತಪಾಸಣೆಗೆ ಬಂದವರು ಅದನ್ನು ನೋಡಿ ತಲೆಯಾಡಿಸುತ್ತಾರೆ, ವರದಿಯಲ್ಲಿ ಟಿಕ್ ಬೀಳುತ್ತದೆ. ಅದನ್ನು ಓದದೆ ಒಳಗೆ ಹೋಗುವವರು ಒಂಬತ್ತನೇ ತರಗತಿಯ ಮಕ್ಕಳು ಮಾತ್ರ.

ಮಕ್ಕಳನ್ನು ದೂರಿ ಫಲವಿಲ್ಲ. ಬಾಗಿಲಲ್ಲಿ ನಿಂತಿರುವಾಗ ಅವರ ಮುಂದೆ ಯಾವ ಮೆಷಿನ್ನೂ ಇಲ್ಲ, ಹಿಂದಿನಿಂದ ಮೂವತ್ತು ಜನ ನೂಕುತ್ತಿರುತ್ತಾರೆ. ಆ ಹದಿನೈದರಲ್ಲಿ ಏಳನೆಯ ನಿಯಮ ಬೇಕಾಗುವುದು ಅರ್ಧ ಗಂಟೆ ಕಳೆದ ಮೇಲೆ, ಕೋಣೆಯ ಇನ್ನೊಂದು ಮೂಲೆಯಲ್ಲಿ, ಗ್ರೈಂಡರ್ ಸದ್ದಿನ ನಡುವೆ, ಕೈ ಸ್ವಿಚ್ಚಿನ ಕಡೆ ಹೋಗುವ ಹೊತ್ತಿಗೆ. ಆಗ ಬೋರ್ಡು ಬೆನ್ನ ಹಿಂದೆ ಇರುತ್ತದೆ. ಸುರಕ್ಷತೆಯ ಮಾತು ಕೈ ಚಲಿಸುವ ಜಾಗದಲ್ಲಿ, ಕೈ ಚಲಿಸುವ ಗಳಿಗೆಯಲ್ಲಿ ಕಣ್ಣಿಗೆ ಬೀಳಬೇಕು. ಅಷ್ಟು ಹೊತ್ತಿನಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ಅದು ಚಿತ್ರವಾಗಿರಬೇಕು. ಚಿತ್ರದ ವಿಷಯವನ್ನು ರೇಡಿಯೋದಲ್ಲಿ ಮಾತಾಡುವುದು ತುಸು ವಿಚಿತ್ರವೇ. ಆದರೆ ಅದರಲ್ಲೊಂದು ಅನುಕೂಲವೂ ಇದೆ. ಇಂಥ ಚಿತ್ರ ಹೇಗಿದೆ ಎಂದು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ ಅದರಲ್ಲಿ ಏನೋ ಹೆಚ್ಚಾಗಿ ತುಂಬಿದೆ ಎಂದು ತಿಳಿಯಬಹುದು.

ಒಂದೇ ಒಂದು ಮೆಷಿನ್ ತೆಗೆದುಕೊಳ್ಳೋಣ, ಬೆಂಚಿನ ಮೇಲೆ ಕೂರಿಸಿರುವ ಡ್ರಿಲ್ಲಿಂಗ್ ಮೆಷಿನ್. ನೋಡಲು ಸಾಧು. ಗರಗಸದ ಹಾಗೆ ಹಲ್ಲು ತೋರಿಸುವುದಿಲ್ಲ, ಗ್ರೈಂಡರಿನ ಹಾಗೆ ಕಿಡಿ ಕಾರುವುದಿಲ್ಲ. ಅದಕ್ಕೇ ಮಕ್ಕಳಿಗೆ ಅದರ ಭಯ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಕೊರೆಯುವ ಬಿಟ್ಟನ್ನು ಹಿಡಿದಿರುವ ಚಕ್ಕು ನಿಮಿಷಕ್ಕೆ 1,400 ಸುತ್ತು ತಿರುಗುತ್ತಿದೆ ಅಂದರೆ ಸೆಕೆಂಡಿಗೆ 23 ಸುತ್ತು. ಬಟ್ಟೆಯ ಅಂಚೋ ಕೂದಲೋ ಸಿಕ್ಕಿಕೊಂಡಿತು ಎಂದು ಮನಸ್ಸಿಗೆ ಹೊಳೆದು ಕೈ ಹಿಂದಕ್ಕೆ ಬರಲು ಕಾಲು ಸೆಕೆಂಡು ಬೇಕು ಅಂದುಕೊಂಡರೂ ಅಷ್ಟರಲ್ಲಿ ಆರು ಸುತ್ತು ಮುಗಿದಿರುತ್ತದೆ. ಆರು ಸುತ್ತಿನಲ್ಲಿ ಎಷ್ಟು ಉದ್ದದ ಬಟ್ಟೆ ಚಕ್ಕಿಗೆ ಸುತ್ತಿಕೊಳ್ಳುತ್ತದೆ ಎಂಬುದನ್ನು ಒಂದು ಕೋಲಿಗೆ ದಾರ ಸುತ್ತಿ ಯಾರು ಬೇಕಾದರೂ ಅಳೆಯಬಹುದು.

ಈ ಮೆಷಿನ್ನಿನಲ್ಲಿ ಪೆಟ್ಟಾಗುವ ದಾರಿಗಳು ಮುಖ್ಯವಾಗಿ ಮೂರು. ಸುತ್ತಿಕೊಳ್ಳುವಂಥದ್ದು ಏನಾದರೂ ಮೈಮೇಲೆ ಇರುವುದು. ತೂತು ಹಾಕುವ ತಗಡನ್ನು ವೈಸಿನಲ್ಲಿ ಬಿಗಿಯದೆ ಕೈಯಲ್ಲಿ ಹಿಡಿಯುವುದು. ಡ್ರಿಲ್ ಬಿಟ್ಟು ತಗಡಿನ ಆಚೆ ಬದಿಗೆ ಹೊರಡುವಾಗ ಕಚ್ಚಿಕೊಳ್ಳುತ್ತದೆ, ತಗಡು ಕೈಬಿಟ್ಟು ಬ್ಲೇಡಿನ ಹಾಗೆ ತಿರುಗುತ್ತದೆ. ಮೂರನೆಯದು, ಬಿಟ್ಟನ್ನು ಬಿಗಿ ಮಾಡಿದ ಚಕ್ ಕೀಯನ್ನು ಅಲ್ಲೇ ಮರೆತು ಸ್ವಿಚ್ ಒತ್ತುವುದು. ಕೀ ಹಾರಿ ಬರುತ್ತದೆ. ಇವಕ್ಕೆ ಮೂರು ಚಿತ್ರ ಸಾಕು. ನಾಲ್ಕನೆಯದು ಬಂತೆಂದರೆ ಮೊದಲ ಮೂರರ ಬೆಲೆ ಇಳಿಯುತ್ತದೆ. 'ನೆಲ ಒದ್ದೆ ಇದ್ದರೆ ಎಚ್ಚರ', 'ಗಲಾಟೆ ಮಾಡಬೇಡಿ' ಇವೆಲ್ಲ ನಿಜವೇ ಇರಬಹುದು, ಡ್ರಿಲ್ಲಿಂಗ್ ಮೆಷಿನ್ನಿನ ಮೈಮೇಲೆ ಅವಕ್ಕೆ ಜಾಗ ಇಲ್ಲ.

ಮೊದಲನೆಯ ಚಿತ್ರದಲ್ಲೇ ಒಂದು ತೊಡಕು ಇದೆ. ಕೈಗೆ ಗ್ಲೌಸ್ ಹಾಕಿಕೊಂಡರೆ ಸುರಕ್ಷಿತ ಎಂದು ಮಕ್ಕಳು ಮಾತ್ರವಲ್ಲ, ಹಲವು ಮೇಷ್ಟ್ರುಗಳೂ ನಂಬಿದ್ದಾರೆ. ವೆಲ್ಡಿಂಗ್ ಮಾಡುವಾಗ, ಚೂಪು ಅಂಚಿನ ತಗಡು ಎತ್ತುವಾಗ ಅದು ಸರಿ. ತಿರುಗುವ ಚಕ್ಕಿನ ಹತ್ತಿರ ಗ್ಲೌಸೇ ಅಪಾಯ, ಏಕೆಂದರೆ ಬರಿ ಬೆರಳಿಗೆ ತಾಗಿ ಜಾರುವ ಬಿಟ್ಟು ಗ್ಲೌಸಿನ ಬಟ್ಟೆಯನ್ನು ಹಿಡಿದುಕೊಂಡು ಬೆರಳನ್ನೂ ಜೊತೆಗೆ ಎಳೆಯುತ್ತದೆ. ಅಂತರರಾಷ್ಟ್ರೀಯ ಚಿತ್ರಸಂಕೇತಗಳ ಪಟ್ಟಿಯಾದ ಐಎಸ್ಒ 7010ರಲ್ಲಿ ಇವೆರಡಕ್ಕೂ ಬೇರೆ ಬೇರೆ ಫಲಕ ಇದೆ. ನೀಲಿ ವೃತ್ತದೊಳಗೆ ಬಿಳಿ ಗ್ಲೌಸ್ ಇದ್ದರೆ ಹಾಕಿಕೊಳ್ಳಿ ಎಂದರ್ಥ. ಕೆಂಪು ಬಳೆಯೊಳಗೆ ಕಪ್ಪು ಗ್ಲೌಸ್, ಅದರ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ ಇದ್ದರೆ ಹಾಕಬೇಡಿ ಎಂದರ್ಥ. ಒಂದೇ ಕೋಣೆಯಲ್ಲಿ ಐದಾರು ಹೆಜ್ಜೆ ಅಂತರದಲ್ಲಿ ಎರಡೂ ಬೇಕಾಗುತ್ತವೆ. ಬಾಗಿಲ ಬೋರ್ಡಿನ ಮೇಲೆ 'ಗ್ಲೌಸ್ ಧರಿಸಿ' ಎಂದು ಒಟ್ಟಾರೆ ಬರೆದುಬಿಟ್ಟರೆ ಶಿಸ್ತಿನ ಹುಡುಗನೇ ಮೊದಲು ಪೆಟ್ಟು ತಿನ್ನುತ್ತಾನೆ.

ಬಣ್ಣ ಮತ್ತು ಆಕಾರಗಳ ಈ ವ್ಯಾಕರಣವನ್ನು ನಮ್ಮ ಭಾರತೀಯ ಮಾನಕ ಸಂಸ್ಥೆಯೂ ಐಎಸ್ 9457 ಎಂಬ ಸಂಹಿತೆಯಲ್ಲಿ ಕೊಟ್ಟಿದೆ. ಹಳದಿ ತ್ರಿಕೋನಕ್ಕೆ ಕಪ್ಪು ಅಂಚು ಇದ್ದರೆ ಎಚ್ಚರಿಕೆ. ಕೆಂಪು ವೃತ್ತಕ್ಕೆ ಅಡ್ಡಪಟ್ಟಿ ಇದ್ದರೆ ಮಾಡಬೇಡಿ. ನೀಲಿ ವೃತ್ತ ಮಾಡಲೇಬೇಕಾದ್ದಕ್ಕೆ. ಹಸಿರು ಚೌಕ ಹೊರದಾರಿಗೆ, ಪ್ರಥಮ ಚಿಕಿತ್ಸೆಗೆ. ಕೆಂಪು ಚೌಕ ಬೆಂಕಿ ಆರಿಸುವ ಸಾಮಾನಿಗೆ. ಬಣ್ಣದ ಜೊತೆಗೆ ಆಕಾರವೂ ಬೇರೆ ಬೇರೆ ಇರುವುದಕ್ಕೆ ಕಾರಣ ಇದೆ. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ಕೆಲವರ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ, ಅದೂ ಹೆಚ್ಚಾಗಿ ಗಂಡಸರಲ್ಲಿ; ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ತೊಂದರೆ. ನಮ್ಮ ಬಿಸ್ಕತ್ತಿನ ಪೊಟ್ಟಣದ ಮೇಲೆಯೇ ಇದರ ಕಥೆ ಇದೆ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಎಂದು ಮೊದಲು ಇತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಲ್ಲಿ ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನ ಮಾಡಿದರು. ಈಗ ಬಣ್ಣ ತಿಳಿಯದವರೂ ಆಕಾರ ನೋಡಿ ಹೇಳಬಹುದು.

ಹಾಗಾದರೆ ಅಂಗಡಿಯಿಂದ ಸ್ಟಿಕ್ಕರ್ ತಂದು ಅಂಟಿಸಿದರೆ ಆಯಿತಲ್ಲ ಎಂದು ಕೇಳಬಹುದು. ಅಷ್ಟು ಸುಲಭ ಅಲ್ಲ. ಈ ವ್ಯಾಕರಣ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಕಲಿಯಬೇಕು. ಮತ್ತು ನಮ್ಮ ಮಕ್ಕಳ ಕಣ್ಣು ಖಾಲಿ ಪಾಟಿಯಲ್ಲ. ಅದರಲ್ಲಿ ಬೇರೆ ಪಾಠಗಳು ಮೊದಲೇ ಬರೆದಿವೆ. ನನ್ನ ವಯಸ್ಸಿನವರಿಗೆ ತಲೆಕೆಳಗಾದ ಕೆಂಪು ತ್ರಿಕೋನ ಎಂದರೆ ಕುಟುಂಬ ಯೋಜನೆ, ಆಸ್ಪತ್ರೆಯ ಗೋಡೆಯಿಂದ ಬಸ್ಸಿನ ಬೆನ್ನಿನವರೆಗೆ ಅದೇ ಇತ್ತು. ಹಳ್ಳಿಯ ಮಗುವಿಗೆ ಇನ್ನೊಂದು ಬಣ್ಣದ ಪಾಠ ಕೀಟನಾಶಕದ ಡಬ್ಬಿಯಿಂದ ಬರುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲಿನ ಮೇಲೆ ವಜ್ರಾಕಾರದ ಗುರುತು ಇರಬೇಕು, ಅದರ ಕೆಳಗಿನ ಅರ್ಧ ವಿಷದ ತೀವ್ರತೆಯ ಬಣ್ಣ. ಕಡುವಿಷಕ್ಕೆ ಕೆಂಪು, ಅದಕ್ಕಿಂತ ಕಡಿಮೆಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಅಲ್ಲಿ ಹಸಿರು ಎಂದರೆ ವಿಷ ಸ್ವಲ್ಪ ಕಡಿಮೆ ಎಂದಷ್ಟೇ, ಸುರಕ್ಷಿತ ಎಂದಲ್ಲ. ನೀಲಿ ಎಂದರೆ ಮಧ್ಯಮ ವಿಷ. ವರ್ಕ್‌ಶಾಪಿನಲ್ಲಿ ನೀಲಿ ಎಂದರೆ ಆಜ್ಞೆ. ಅಪ್ಪನ ಜೊತೆ ಹೊಲದಲ್ಲಿ ಡಬ್ಬಿ ನೋಡಿದ ಹುಡುಗನಿಗೆ ಈ ಎರಡು ಭಾಷೆಗಳ ನಡುವಿನ ವ್ಯತ್ಯಾಸವನ್ನು ಒಂದು ಪಿರಿಯಡ್‌ನಲ್ಲಿ ಕೂರಿಸಿ ಹೇಳಿಕೊಡಬೇಕು. ಹೇಳದೆ ಬರೀ ಸ್ಟಿಕ್ಕರ್ ಅಂಟಿಸಿದರೆ ಅದು ಅಲಂಕಾರ.

ತಲೆಬುರುಡೆಯ ವಿಷಯ ಬೇರೆ. 'ಅಪಾಯ, 11,000 ವೋಲ್ಟ್' ಎಂಬ ಕೆಂಪು ಫಲಕ ಟ್ರಾನ್ಸ್‌ಫಾರ್ಮರ್ ಇರುವ ಕಡೆಯೆಲ್ಲ ಇದೆ. ಬುರುಡೆ ಮತ್ತು ಎಲುಬಿನ ಚಿತ್ರದ ಜೊತೆ ಆಯಾ ಜಿಲ್ಲೆಯ ಭಾಷೆಯಲ್ಲೂ ಬರೆದಿರಬೇಕು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು. ಓದು ಬಾರದ ಅಜ್ಜಿಗೂ ಆ ಚಿತ್ರ ಅರ್ಥವಾಗುತ್ತದೆ. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಅದೇ ಬುರುಡೆ ಟೀ ಶರ್ಟಿನ ಮೇಲೆ, ಬೈಕಿನ ಟ್ಯಾಂಕಿನ ಮೇಲೆ ಶೋಕಿಯ ಗುರುತು. ಅಮೆರಿಕದ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯವರು ಇದನ್ನು ಬಹಳ ಹಿಂದೆಯೇ ಗಮನಿಸಿದರು. ಅಲ್ಲಿನ ಬೇಸ್‌ಬಾಲ್ ತಂಡದ ಹೆಸರೇ ಪೈರೇಟ್ಸ್, ಅಂದರೆ ಕಡಲ್ಗಳ್ಳರು. ಮಕ್ಕಳಿಗೆ ಬುರುಡೆ ಎಂದರೆ ಸಾಹಸ, ಮಜಾ. ಹಾಗಾಗಿ ವಿಷದ ಬಾಟಲಿಗಳಿಗೆ ಅಂಟಿಸಲು 1971ರಲ್ಲಿ ಅವರು ಬೇರೊಂದು ಚಿತ್ರ ಹೊರಡಿಸಿದರು. ಹಸಿರು ಮುಖ, ಮುದುರಿದ ಹುಬ್ಬು, ಕಹಿ ತಿಂದ ಹಾಗೆ ಹೊರಚಾಚಿದ ನಾಲಿಗೆ. ಅದರ ಹೆಸರು ಮಿಸ್ಟರ್ ಯಕ್. ಅದರಿಂದ ಎಷ್ಟು ಪ್ರಯೋಜನವಾಯಿತು ಎಂಬ ಚರ್ಚೆ ಬೇರೆ. ದೊಡ್ಡವರಿಗೆ ಭಯ ಹುಟ್ಟಿಸುವ ಚಿತ್ರ ಮಕ್ಕಳಿಗೂ ಹುಟ್ಟಿಸುತ್ತದೆ ಎಂದು ಅಂದುಕೊಳ್ಳದೆ ಅವರು ಮಕ್ಕಳ ಕಡೆ ತಿರುಗಿ ನೋಡಿದರಲ್ಲ, ಆ ಕ್ರಮ ನನಗೆ ಮೆಚ್ಚುಗೆ.

ಜಾಗದ ವಿಷಯಕ್ಕೆ ಒಂದು ದೊಡ್ಡ ನಿದರ್ಶನ ಇದೆ. ವಿಕಿರಣಕ್ಕೆ ಹಳದಿ ಬಣ್ಣದ ಮೇಲೆ ಮೂರು ದಳದ ಗುರುತು ಬಹಳ ಕಾಲದಿಂದ ಇದೆ, ಆದರೆ ಕಲಿಯದವರಿಗೆ ಅದು ಫ್ಯಾನಿನ ರೆಕ್ಕೆಯಂತೆ ಕಾಣುತ್ತದೆ. ಹಳೆಯ ಉಪಕರಣ ಗುಜರಿಗೆ ಹೋಗಿ ಜನ ಸತ್ತ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲೂ 2010ರಲ್ಲಿ ಕೋಬಾಲ್ಟ್-60 ಇದ್ದ ಯಂತ್ರವನ್ನು ಬಿಚ್ಚಿ ಒಬ್ಬರು ತೀರಿಕೊಂಡರು. ಇಂಥ ಸಾವುಗಳನ್ನು ತಡೆಯಲೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದಕ್ಕೂ ಮುಂಚೆಯೇ, 2007ರಲ್ಲಿ, ಹೊಸ ಚಿತ್ರ ತಂದಿತ್ತು. ಕೆಂಪು ಹಿನ್ನೆಲೆಯ ತ್ರಿಕೋನ, ಮೇಲಿನಿಂದ ಇಳಿಯುವ ಅಲೆಗಳು, ಬುರುಡೆ, ಓಡಿಹೋಗುತ್ತಿರುವ ಮನುಷ್ಯ. ಅದನ್ನು ಹೊರಡಿಸುವ ಮೊದಲು ಭಾರತವೂ ಸೇರಿ 11 ದೇಶಗಳ 1,650 ಜನರಿಗೆ ತೋರಿಸಿ ಏನು ಅರ್ಥವಾಯಿತು ಎಂದು ಕೇಳಿದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದನ್ನು ಅಂಟಿಸುವ ಜಾಗ. ಕಟ್ಟಡದ ಬಾಗಿಲಿಗಲ್ಲ, ಯಂತ್ರದ ಹೊರಮೈಗೂ ಅಲ್ಲ. ವಿಕಿರಣ ವಸ್ತು ಇರುವ ಒಳಗಿನ ಕವಚಕ್ಕೆ. ಮಾಮೂಲಾಗಿ ಯಂತ್ರ ಬಳಸುವವರಿಗೆ ಅದು ಕಾಣುವುದೇ ಇಲ್ಲ. ಯಾರಾದರೂ ಸ್ಪ್ಯಾನರ್ ಹಿಡಿದು ಬಿಚ್ಚಲು ಹೊರಟರೆ ಆ ಗಳಿಗೆಗೆ ಸರಿಯಾಗಿ ಕಣ್ಣಿಗೆ ಬೀಳುತ್ತದೆ.

ಶಾಲೆಯ ಮೆಷಿನ್ನಿಗೂ ಇದೇ ಲೆಕ್ಕ. ಡ್ರಿಲ್ಲಿಂಗ್ ಮೆಷಿನ್ನಿನ ಬೆಲ್ಟಿನ ಮುಚ್ಚಳದ ಒಳಗೆ, ಅದನ್ನು ಎತ್ತಿದವನಿಗೆ ಮಾತ್ರ ಕಾಣುವಂತೆ, ಪುಲ್ಲಿಯ ನಡುವೆ ಸಿಕ್ಕಿದ ಬೆರಳಿನ ಚಿತ್ರ ಇರಲಿ. ಗ್ಲೌಸ್ ಬೇಡ ಎಂಬುದು ಸ್ವಿಚ್ಚಿನ ಪಕ್ಕಕ್ಕೆ. ತಗಡನ್ನು ವೈಸಿಗೆ ಬಿಗಿ ಎಂಬುದು ವೈಸ್ ಕೂರುವ ಟೇಬಲ್ಲಿನ ಮುಂಬದಿಗೆ. ಎತ್ತರ ಮಾತ್ರ ಮೇಷ್ಟ್ರ ಕಣ್ಣಿನ ಮಟ್ಟ ಅಲ್ಲ, ಮಕ್ಕಳ ಕಣ್ಣಿನ ಮಟ್ಟ. ಗಾತ್ರಕ್ಕೆ ಒಂದು ಒರಟು ಲೆಕ್ಕ ಇದೆ: ಚೆನ್ನಾಗಿ ಬೆಳಕಿರುವ ಕಡೆ ಫಲಕದ ಎತ್ತರದ ನೂರರಷ್ಟು ದೂರದಿಂದ ಅದನ್ನು ಗುರುತಿಸಬಹುದು. ಹತ್ತು ಮೀಟರ್ ಉದ್ದದ ಕೋಣೆಯ ಆಚೆ ತುದಿಯಿಂದ ಕಾಣಬೇಕಾದ ಬೆಂಕಿ ಆರಿಸುವ ಸಿಲಿಂಡರಿನ ಗುರುತು ಹತ್ತು ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು, ದೂಳು ಮತ್ತು ಒಂದು ಟ್ಯೂಬ್‌ಲೈಟಿನ ಲೆಕ್ಕ ಹಿಡಿದರೆ ಎರಡರಷ್ಟು ಮಾಡಿ. ಮೆಷಿನ್ನಿನ ಮುಂದೆ ನಿಂತವನಿಗೆ ತೋರಿಸುವ ಚಿತ್ರ ಅಂಗೈಯಷ್ಟು ಇದ್ದರೆ ಸಾಕು.

ಇನ್ನು ಚಿತ್ರದಲ್ಲಿ ಯಾರು ಇರಬೇಕು ಎನ್ನುವುದು. ಹೊರಗಿನಿಂದ ತಂದ ಸ್ಟಿಕ್ಕರಿನಲ್ಲಿ ಕುತ್ತಿಗೆಗೆ ಟೈ ಕಟ್ಟಿದ ಗಂಡಸಿನ ಟೈ ರೋಲರಿಗೆ ಸಿಕ್ಕಿರುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಚಕ್ಕಿನ ಹತ್ತಿರ ಬಗ್ಗುವುದು ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದ ಹುಡುಗಿ, ಅವಳ ಚೂಡಿದಾರದ ಮೇಲಿನ ವೇಲ್, ಕೈಯ ಬಳೆ, ಹುಡುಗನ ಮಣಿಕಟ್ಟಿನಲ್ಲಿ ಜಾತ್ರೆಯಲ್ಲಿ ಕಟ್ಟಿಸಿಕೊಂಡ ದಾರ. ಚಿತ್ರದಲ್ಲಿ ಬರಬೇಕಾದವರು ಇವರು. ಬರೀ 'ಬೇಡ' ಎಂದು ತೋರಿಸಿದರೆ ಅರ್ಧ ಕೆಲಸ. ಜಡೆಯನ್ನು ಮಡಚಿ ಕಟ್ಟಿ, ವೇಲನ್ನು ತೆಗೆದು ಮೇಲೆ ಏಪ್ರನ್ ತೊಟ್ಟ ಹುಡುಗಿಯ ಚಿತ್ರ ಪಕ್ಕದಲ್ಲೇ ಇರಲಿ. ತೆಗೆದ ವೇಲನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಒಂದು ಮೊಳೆಯೂ ಬೇಕು. ಸರಿ ಚಿತ್ರಕ್ಕೆ ಟಿಕ್, ತಪ್ಪು ಚಿತ್ರಕ್ಕೆ ಇಂಟು ಮಾರ್ಕ್. ಆ ಎರಡು ಗುರುತುಗಳನ್ನು ನೋಟುಬುಕ್ಕಿನಲ್ಲಿ ಒಂದನೇ ತರಗತಿಯಿಂದ ಕಂಡಿರುವ ಮಕ್ಕಳಿಗೆ ಅವನ್ನು ಯಾರೂ ವಿವರಿಸಬೇಕಾಗಿಲ್ಲ.

ಚಪ್ಪಲಿಯ ಕಥೆ ಇನ್ನೂ ಸ್ವಾರಸ್ಯ. ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಯ ಮುಂದೆ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂದು ಬರೆದಿರುತ್ತಾರೆ. ವರ್ಕ್‌ಶಾಪ್ ಅದರ ಪಕ್ಕದ ಕೋಣೆ. ಮಕ್ಕಳು ಅದೇ ಅಭ್ಯಾಸದಲ್ಲಿ ಇಲ್ಲೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಾರೆ; ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ ಕೈ ಮುಗಿದ ಮೆಷಿನ್ನುಗಳ ಎದುರು ಚಪ್ಪಲಿ ಹಾಕಿಕೊಂಡು ನಿಲ್ಲುವುದು ಅವರಿಗೆ ಮುಜುಗರ. ನೆಲದ ಮೇಲೆ ಬಿಸಿ ಕಬ್ಬಿಣದ ಸುರುಳಿ, ಚೂಪಾದ ತಗಡಿನ ಚೂರು. ಯಾವ ದೇಶದ ಸ್ಟಿಕ್ಕರೂ ಈ ಸಮಸ್ಯೆಯನ್ನು ಊಹಿಸಿಲ್ಲ. ಇದಕ್ಕೆ ಬಾಗಿಲ ಹೊಸ್ತಿಲ ಮೇಲೆಯೇ, ಕಾಲು ಇಡುವ ಜಾಗದಲ್ಲಿ, ನೀಲಿ ವೃತ್ತದೊಳಗೆ ಒಂದು ಜೊತೆ ಶೂಗಳ ಚಿತ್ರ ಬಿಡಿಸಬೇಕು, ಕಂಪ್ಯೂಟರ್ ಕೋಣೆಯ ಮುಂದಿನ ಬೋರ್ಡನ್ನು ಎರಡು ಗಜ ಆಚೆಗೆ ಸರಿಸಬೇಕು. ಅಂದಹಾಗೆ, ಆಯುಧಪೂಜೆ ಮುಗಿದ ಮರುದಿನ ಒಮ್ಮೆ ಕೋಣೆ ಸುತ್ತಿ ಬನ್ನಿ. ಯಾವ ಚಿತ್ರದ ಮೇಲೆ ವಿಭೂತಿ ಮೂರು ಗೆರೆ ಎಳೆದಿದೆ, ಯಾವ ಸ್ವಿಚ್ಚನ್ನು ಚೆಂಡುಹೂವಿನ ಹಾರ ಮುಚ್ಚಿದೆ ಎಂದು ನೋಡಿ ಒರೆಸಬೇಕಾಗುತ್ತದೆ. ಭಕ್ತಿಗೆ ಅಡ್ಡಿ ಇಲ್ಲ, ತುರ್ತು ಗುಂಡಿಯ ಮೇಲೆ ಮಾತ್ರ ಹಾರ ಬೇಡ.

ಇದನ್ನೆಲ್ಲ ಯಾರು ಬಿಡಿಸಬೇಕು? ಡ್ರಾಯಿಂಗ್ ಮೇಷ್ಟ್ರು ಎಂದು ತಕ್ಷಣ ಹೇಳುತ್ತೇವೆ. ಡ್ರಾಯಿಂಗ್ ಮೇಷ್ಟ್ರಿಗೆ ಮೆಷಿನ್ ಗೊತ್ತಿಲ್ಲ, ವರ್ಕ್‌ಶಾಪ್ ಮೇಷ್ಟ್ರಿಗೆ ಚಿತ್ರ ಬರುವುದಿಲ್ಲ. ನಡುವೆ ಇನ್ನೊಬ್ಬರು ಬೇಕು. ಇದಕ್ಕೊಂದು ಹಳೆಯ ಮಾದರಿ ಇದೆ. ವಿಯೆನ್ನಾ ನಗರದಲ್ಲಿ 1925ರಲ್ಲಿ ಓಟ್ಟೊ ನಾಯ್ರಾಟ್ ಎಂಬ ಸಮಾಜಶಾಸ್ತ್ರಜ್ಞ ಒಂದು ವಸ್ತುಸಂಗ್ರಹಾಲಯ ಆರಂಭಿಸಿದ. ಸಾಮಾನ್ಯ ಕಾರ್ಮಿಕರಿಗೆ ಅಂಕಿಅಂಶಗಳನ್ನು ಚಿತ್ರದಲ್ಲಿ ತಿಳಿಸುವುದು ಅದರ ಉದ್ದೇಶ. ಈಗ ವಿಮಾನ ನಿಲ್ದಾಣದಲ್ಲಿ, ರೈಲಿನಲ್ಲಿ ಕಾಣುವ ಸರಳ ಮನುಷ್ಯಾಕೃತಿಗಳ ಮನೆತನದಲ್ಲಿ ಆ ಸಂಗ್ರಹಾಲಯದ ಚಿತ್ರಗಳಿಗೆ ಹಿರಿಯರ ಸ್ಥಾನ. ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದ ಚಿತ್ರ ಕೊರೆಯುತ್ತಿದ್ದ, ತಜ್ಞರು ಮಾಹಿತಿ ಕೊಡುತ್ತಿದ್ದರು. ಇಬ್ಬರ ನಡುವೆ ಮರೀ ರೈಡೆಮೈಸ್ಟರ್ ಎಂಬ ಹೆಂಗಸು ಕೂತಿದ್ದಳು. ಮುಂದೆ ನಾಯ್ರಾಟನನ್ನು ಮದುವೆಯಾದವಳು. ತಜ್ಞ ಹೇಳಿದ್ದರಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಆ ಕೆಲಸಕ್ಕೆ ಶಾಲೆಯಲ್ಲಿ ತಕ್ಕವರು ಹೋದ ವರ್ಷ ಆ ಮೆಷಿನ್ನಿನಲ್ಲಿ ಕಲಿತ ಹತ್ತನೇ ತರಗತಿಯ ಇಬ್ಬರು ಮೂವರು ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಕೈ ನಡುಗಿತು, ಯಾವುದು ಗೊತ್ತಾಗಲಿಲ್ಲ ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ಮೂವತ್ತು ವರ್ಷ ಕಲಿಸಿದ ಮೇಷ್ಟ್ರಿಗೆ ಅದು ಮರೆತುಹೋಗಿರುತ್ತದೆ.

ಚಿತ್ರ ಸಿದ್ಧವಾದ ಮೇಲೆ ಗೋಡೆಗೆ ಹಚ್ಚುವ ಮೊದಲು ಪರೀಕ್ಷೆ ಆಗಬೇಕು. ಇದು ಎಲ್ಲಕ್ಕಿಂತ ಅಗ್ಗದ ಕೆಲಸ, ಎಲ್ಲರೂ ಬಿಟ್ಟುಬಿಡುವ ಕೆಲಸ. ವರ್ಕ್‌ಶಾಪಿಗೆ ಇನ್ನೂ ಕಾಲಿಡದ ಎಂಟನೇ ತರಗತಿಯ ಮಕ್ಕಳಿಗೆ ಚಿತ್ರ ತೋರಿಸಿ. 'ಇದು ಗ್ಲೌಸ್ ಹಾಕಬೇಡಿ ಅಂತ ಅಲ್ಲವೇ?' ಎಂದು ಕೇಳಿದರೆ ಎಲ್ಲರೂ 'ಹೌದು ಸಾರ್' ಎನ್ನುತ್ತಾರೆ, ಅದು ಪರೀಕ್ಷೆಯಲ್ಲ. 'ಇದನ್ನು ನೋಡಿದರೆ ನೀನು ಏನು ಮಾಡ್ತೀಯ?' ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿ. ಅಮೆರಿಕದ ಸುರಕ್ಷತಾ ಸಂಕೇತಗಳ ಮಾನದಂಡದಲ್ಲಿ ನೂರಕ್ಕೆ 85 ಜನ ಸರಿಯಾಗಿ ಹೇಳಬೇಕು, ಅಪಾಯಕ್ಕೆ ದೂಡುವಂಥ ತಪ್ಪು ಅರ್ಥ ಮಾಡಿಕೊಂಡವರು 5ಕ್ಕಿಂತ ಹೆಚ್ಚಿರಬಾರದು ಎಂದಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಅದು 34 ಸರಿ ಉತ್ತರ, ಹೆಚ್ಚೆಂದರೆ ಎರಡು ತಲೆಕೆಳಗಿನ ಉತ್ತರ. ಎರಡನೆಯ ಅಂಕಿಯನ್ನೇ ನೋಡಿ. 'ಗೊತ್ತಿಲ್ಲ ಸಾರ್' ಎಂದವನು ಮೇಷ್ಟ್ರನ್ನು ಕೇಳುತ್ತಾನೆ. ಅಡ್ಡಪಟ್ಟಿ ಕಣ್ಣಿಗೆ ಬೀಳದೆ 'ಗ್ಲೌಸ್ ಹಾಕಬೇಕು' ಎಂದು ಬರೆದವನು ಯಾರನ್ನೂ ಕೇಳುವುದಿಲ್ಲ. ಪಟ್ಟಿ ತೆಳ್ಳಗಾಗಿದ್ದರೆ, ಇಲ್ಲವೇ ಗ್ಲೌಸಿನ ಕಪ್ಪು ಅದನ್ನು ನುಂಗಿದ್ದರೆ ಇಂಥ ಉತ್ತರಗಳು ಬರುತ್ತವೆ. ಫಲಕದ ಒಟ್ಟು ವಿಸ್ತೀರ್ಣದಲ್ಲಿ ಕೆಂಪು ಶೇಕಡಾ 35ರಷ್ಟಾದರೂ ಇರಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಇದಕ್ಕೇ.

ಅಕ್ಷರ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಚಿತ್ರದ ಕೆಳಗೆ ಎರಡು ಪದ ಇರಲಿ: 'ಗ್ಲೌಸ್ ಬಿಚ್ಚಿ', 'ಜಡೆ ಕಟ್ಟಿ', 'ಕನ್ನಡಕ ಹಾಕಿ'. ಕನ್ನಡ ಬರೆಸುವಾಗ ಇಂಗ್ಲಿಷ್ ಫಲಕದ ಅಳತೆಯನ್ನೇ ಇಟ್ಟುಕೊಂಡರೆ ಒತ್ತಕ್ಷರಕ್ಕೆ ಜಾಗ ಸಾಲದೆ ಅದು ಕೆಳಗಿನ ಗೆರೆಗೆ ತಾಗುತ್ತದೆ, ಅಥವಾ ಒತ್ತನ್ನು ಇರುವೆಯಷ್ಟು ಚಿಕ್ಕದು ಮಾಡುತ್ತಾರೆ. ತೀರಾ ದಪ್ಪ ಅಕ್ಷರವೂ ಒಳ್ಳೆಯದಲ್ಲ. ಸೊನ್ನೆಯ ಹೊಟ್ಟೆ, ಮ-ಯಗಳ ಒಳಗಿನ ಬಿಳಿ ಮುಚ್ಚಿಹೋಗಿ ದೂರದಿಂದ ಎಲ್ಲವೂ ಕಪ್ಪು ಉಂಡೆಯಾಗುತ್ತದೆ. ಊರಿನಲ್ಲಿ ಕುಂಚ ಹಿಡಿದು ಬೋರ್ಡು ಬರೆಯುವ ಕಲಾವಿದರು ಇನ್ನೂ ಇದ್ದರೆ ಅವರನ್ನೇ ಕರೆಸಿ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದದ್ದನ್ನು ಎಣ್ಣೆ ಕೊಳೆಯಾದರೆ ಒರೆಸಬಹುದು. ಕಿಟಕಿಯ ಬಿಸಿಲಿಗೆ ಬಿದ್ದ ಫ್ಲೆಕ್ಸಿನಲ್ಲಿ ಕೆಂಪು ಬೇಗ ಮಾಸುತ್ತದೆ. ಅಡ್ಡಪಟ್ಟಿ ಮಾಸಿ ಗ್ಲೌಸ್ ಮಾತ್ರ ಉಳಿದರೆ ಆ ಫಲಕ ಹೇಳುವುದು ಏನು ಎಂದು ನೀವೇ ಊಹಿಸಿ.

ಇಷ್ಟೆಲ್ಲ ಮಾಡಿದರೂ ಚಿತ್ರಕ್ಕೆ ಒಂದು ದೌರ್ಬಲ್ಯ ಇದೆ. ಬದಲಾಗದೆ ಅಲ್ಲೇ ಇರುವುದು ಕೆಲವೇ ವಾರಗಳಲ್ಲಿ ಗೋಡೆಯೊಳಗೆ ಸೇರಿಹೋಗುತ್ತದೆ, ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಕೆಲಸದ ಸ್ಥಿತಿಯ ಜೊತೆ ತಾನೂ ಬದಲಾಗುವ ಗುರುತು ನನಗೆ ಹೆಚ್ಚು ಇಷ್ಟ. ಚಕ್ ಕೀಯನ್ನೇ ನೋಡಿ. ಸ್ವಿಚ್ಚಿನ ಪಕ್ಕದಲ್ಲಿ ಒಂದು ಹಲಗೆಯ ಮೇಲೆ ಕೀಯ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದು, ಅದರ ಮೇಲೆ ಕೀ ನೇತುಹಾಕಲು ಕೊಕ್ಕೆ ಹೊಡೆಯಿರಿ. ಕೀ ಕೊಕ್ಕೆಯಲ್ಲಿ ಇದ್ದರೆ ಕೆಂಪು ಮುಚ್ಚಿರುತ್ತದೆ. ಚಕ್ಕಿನಲ್ಲಿ ಮರೆತಿದ್ದರೆ ಕೆಂಪು ಕೀ ಕಣ್ಣಿಗೆ ಹೊಡೆಯುತ್ತದೆ, ಅದೂ ಬೆರಳು ಸ್ವಿಚ್ಚಿಗೆ ಹೋಗುವ ದಾರಿಯಲ್ಲೇ. ಸುತ್ತಿಗೆ, ಅರ, ಹ್ಯಾಕ್‌ಸಾಗಳಿಗೆ ಹೀಗೆ ನೆರಳು ಬರೆದ ಹಲಗೆ ಕಾರ್ಖಾನೆಗಳಲ್ಲಿ ಹಳೆಯ ಪದ್ಧತಿ. ಗಾಗಲ್ಸನ್ನು ಕೂಡ ಗ್ರೈಂಡರಿನ ಪಕ್ಕದ ಕೊಕ್ಕೆಯಲ್ಲೇ ನೇತುಹಾಕಿ. ಆರು ಇಂಚಿನ ಚಕ್ರ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಹೆಚ್ಚುಕಡಿಮೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಕಿಡಿ ಹಾರುವುದೂ ಆ ವೇಗದ ಆಸುಪಾಸಿನಲ್ಲೇ. ಗಾಗಲ್ಸ್ ಬೀರುವಿನಲ್ಲಿದ್ದರೆ ಇದನ್ನು ತಿಳಿದ ಹುಡುಗನೂ ಅದರ ಬೀಗದ ಕೈ ಕೇಳಲು ಸ್ಟಾಫ್ ರೂಮಿಗೆ ಹೋಗಿ ಬರುವುದಿಲ್ಲ. ಕನ್ನಡಕ ಎಲ್ಲೋ ಇದ್ದು ಅದರ ಚಿತ್ರ ಇಲ್ಲಿದ್ದರೆ ಏನು ಬಂತು?

ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು 2016ರಿಂದ ಬಂದ ಮೇಲೆ ಆರನೇ ತರಗತಿಯ ಮಕ್ಕಳ ಕೈಗೂ ಸೋಲ್ಡರಿಂಗ್ ಐರನ್ ಬಂದಿದೆ. ಅದರ ತುದಿ ಮುನ್ನೂರು ಡಿಗ್ರಿ ದಾಟಿ ಕಾದಿದ್ದರೂ ತಣ್ಣಗಿದ್ದಾಗಿನ ಹಾಗೆಯೇ ಕಾಣುತ್ತದೆ. ಇಲ್ಲಿ 'ಬಿಸಿ ಮೇಲ್ಮೈ' ಎಂಬ ಹಳದಿ ತ್ರಿಕೋನ ಸದಾ ಅಂಟಿಸಿದ್ದರೆ ಪ್ರಯೋಜನ ಕಡಿಮೆ. ಪ್ಲಗ್ ಪಾಯಿಂಟಿನ ಮೇಲೆ ಕೆಂಪು ದೀಪ ಇರುವ ಸ್ವಿಚ್ಚು, ಐರನ್ ಇಡಲು ಸ್ಟ್ಯಾಂಡು, ಸ್ವಿಚ್ ಆರಿಸಿದ ಮೇಲೂ ತಣಿಯುವವರೆಗೆ ಸ್ಟ್ಯಾಂಡಿನ ಮೇಲೆ ಮಗುಚಿಡುವ ಒಂದು ಕೆಂಪು ಬಿಲ್ಲೆ. ಇಷ್ಟು ಸಾಕು.

ಚಿತ್ರವೇ ಬೇಡದ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಗ್ಯಾಸ್ ವೆಲ್ಡಿಂಗಿನಲ್ಲಿ ನಮ್ಮ ದೇಶದಲ್ಲಿ ಆಕ್ಸಿಜನ್ ಸಿಲಿಂಡರ್ ಕಪ್ಪು, ಅಸಿಟಿಲೀನ್ ಸಿಲಿಂಡರ್ ಮೆರೂನ್. ಬಣ್ಣವನ್ನೇ ನಂಬಿಕೊಂಡು ಕೂರಲಿಲ್ಲ. ಅಸಿಟಿಲೀನಿನ ಜೋಡಣೆಗೆ ಎಡ ತಿರುಪು, ಆಕ್ಸಿಜನ್ನಿಗೆ ಬಲ ತಿರುಪು ಇಟ್ಟಿದ್ದಾರೆ; ಅದಲುಬದಲು ಮಾಡಲು ಹೋದರೆ ಕೂರುವುದೇ ಇಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿಂಗ್ ಪಿನ್ ದಪ್ಪಗೆ, ಉದ್ದಕ್ಕೆ ಇರುವುದೂ ಹಾಗೆಯೇ: ಸಾಕೆಟ್ಟಿಗೆ ಮೊದಲು ತಾಗುವುದು ಅದು, ಕೊನೆಗೆ ಬಿಡುವುದೂ ಅದು. ಚಕ್ಕಿನ ಮುಂದೆ ಪಾರದರ್ಶಕ ಕವಚ ಹಾಕಿಸಲು ಆಗುವ ಕಡೆ ಅದನ್ನು ಹಾಕಿಸದೆ ಚಿತ್ರ ಅಂಟಿಸಿ ಕೈ ತೊಳೆದುಕೊಳ್ಳುವುದು ಸಲ್ಲದು. 1948ರ ಕಾರ್ಖಾನೆಗಳ ಕಾಯ್ದೆ ಕಾರ್ಖಾನೆಯಲ್ಲಿ ತಿರುಗುವ ಭಾಗಗಳಿಗೆ ಬೇಲಿ ಹಾಕಲೇಬೇಕು ಎಂದಿತ್ತು. ಶಾಲೆ ಕಾರ್ಖಾನೆಯಲ್ಲ ನಿಜ, ತಿರುಗುವ ಚಕ್ಕಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಸ್ವಿಚ್ ಬೋರ್ಡಿನ ಮಾತು ಒಂದು ನಿಮಿಷ. ಒಂದೇ ತರಹದ ಎಂಟು ಕಪ್ಪು ಸ್ವಿಚ್ಚುಗಳ ಸಾಲು, ಯಾವುದು ಯಾವ ಮೆಷಿನ್ನಿಗೆ ಎಂದು ಬರೆದಿಲ್ಲ. ಯಾರಿಗಾದರೂ ಬಟ್ಟೆ ಸಿಕ್ಕಿಕೊಂಡಾಗ ದೂರದಲ್ಲಿರುವ ಗೆಳತಿ ಓಡಿ ಬಂದು ಎಂಟನ್ನೂ ಒಂದೊಂದಾಗಿ ತಟ್ಟಿ ನೋಡಬೇಕೇ? ಪ್ರತಿ ಸ್ವಿಚ್ಚಿನ ಕೆಳಗೆ ಮೆಷಿನ್ನಿನ ಪುಟ್ಟ ಚಿತ್ರ, ಅದೇ ಚಿತ್ರ ಮೆಷಿನ್ನಿನ ಮೇಲೂ. ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಗುಂಡಿ ಮಾತ್ರ ಬೇರೆ ಇರಲಿ, ಹಳದಿ ಹಿನ್ನೆಲೆಯಲ್ಲಿ ಅಣಬೆಯಾಕಾರದ ಕೆಂಪು ಗುಂಡಿ, ಅಂಗೈಯಲ್ಲಿ ಗುದ್ದಿದರೆ ನಿಲ್ಲುವಂಥದ್ದು. ಶಾಲೆಯ ಮೊದಲ ವಾರದಲ್ಲೇ ಪ್ರತಿ ಮಗುವೂ ಒಂದು ಸಲ ಅದನ್ನು ನಿಜವಾಗಿ ಗುದ್ದಿ ನೋಡಲಿ. ಅದೂ ಪಾಠವೇ.

ಸುಳ್ಳು ಹೇಳುವ ಫಲಕಗಳನ್ನು ಕಿತ್ತುಹಾಕಬೇಕು. ಹಸಿರು ಹೊರದಾರಿಯ ಗುರುತು ತೋರಿಸುವ ಬಾಗಿಲಿಗೆ ಹೊರಗಿನಿಂದ ಬೀಗ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಒಣಗಿದ ಟಿಂಚರ್ ಬಾಟಲಿ, ಪಕ್ಕದಲ್ಲಿ ಸೀಮೆಸುಣ್ಣ. ಮಕ್ಕಳು ಇದನ್ನು ಬಹಳ ಬೇಗ ಕಂಡುಹಿಡಿಯುತ್ತಾರೆ, ಒಂದು ಫಲಕ ಸುಳ್ಳೆಂದು ಗೊತ್ತಾದ ಮೇಲೆ ಉಳಿದವುಗಳನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

ಕೊನೆಯದಾಗಿ ಕೆಟ್ಟುನಿಂತ ಮೆಷಿನ್ನಿನ ವಿಷಯ. ಗ್ರೈಂಡರಿನ ಚಕ್ರದಲ್ಲಿ ಬಿರುಕು ಕಂಡಿದೆ, ಹೊಸದು ಬರುವವರೆಗೆ ಯಾರೂ ಮುಟ್ಟಬಾರದು ಎನ್ನಿ. 'ಕೆಟ್ಟಿದೆ' ಎಂದು ಸೀಮೆಸುಣ್ಣದಲ್ಲಿ ಬರೆದರೆ ಮಧ್ಯಾಹ್ನದ ಹೊತ್ತಿಗೆ ಅಳಿಸಿರುತ್ತದೆ. ಪ್ಲಗ್ ಕಿತ್ತು, ಅದರ ಪಿನ್ನುಗಳು ಒಳಗೆ ಸೇರುವಂಥ ಒಂದು ಡಬ್ಬಿಗೆ ಹಾಕಿ, ಡಬ್ಬಿಗೆ ಬೀಗ ಜಡಿದು, ಬೀಗಕ್ಕೆ ಒಂದು ದಪ್ಪ ರಟ್ಟಿನ ಚೀಟಿ ಕಟ್ಟಿ. ಚೀಟಿಯ ಮೇಲೆ ಕೆಂಪು ಅಡ್ಡಪಟ್ಟಿಯ ಗ್ರೈಂಡರ್ ಚಿತ್ರ, ಕಟ್ಟಿದವರ ಹೆಸರು, ತಾರೀಖು, ಏನು ಕೆಟ್ಟಿದೆ ಎಂದು ಒಂದು ಸಾಲು. ಬಿಚ್ಚುವವರು ಕಟ್ಟಿದವರೇ ಆಗಿರಬೇಕು, ಬೀಗದ ಕೈಯೂ ಅವರ ಹತ್ತಿರವೇ. ಚೀಟಿಗಳು ಹತ್ತಿಪ್ಪತ್ತು ಸಿದ್ಧವಾಗಿ ಇರಲಿ, ಜೊತೆಗೆ ಒಂದು ಪೆನ್ನನ್ನು ದಾರ ಕಟ್ಟಿ ನೇತುಹಾಕಿ; ಪೆನ್ ಹುಡುಕಲು ಹೋದವರು ಸಾಮಾನ್ಯವಾಗಿ ಚೀಟಿ ಕಟ್ಟಲು ವಾಪಸ್ ಬರುವುದಿಲ್ಲ.